ಕೇಳುವವನಿಗೂ ಕಾವಲು ಬೇಕು

ಜಯನಗರದ ಲೆಕ್ಕಪರಿಶೋಧಕರ ಕಚೇರಿಯಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಸಣ್ಣ ಉದ್ಯಮದಲ್ಲಾಗಲಿ, ಒಂದು ಗಣಕಯಂತ್ರದಲ್ಲಿರುವ ಕಡತವನ್ನು ಮತ್ತೊಂದರಿಂದ ತೆರೆಯುವುದು ಈಗ ನಿತ್ಯದ ವ್ಯವಹಾರ. ವಿಂಡೋಸ್ ಯಂತ್ರಗಳಲ್ಲಿ ಇದು ಎಸ್.ಎಂ.ಬಿ. ಎಂಬ ಕ್ರಮದಿಂದ ನಡೆಯುತ್ತದೆ. ಕಡತ ಕೊಡುವ ಯಂತ್ರವು ಸರ್ವರ್, ಕೇಳುವ ಯಂತ್ರವು ಕ್ಲೈಂಟ್. ಕೊಡುವವನನ್ನು ಕಾಯ್ದರೆ ಸಾಕು, ಕೇಳುವವನಿಗೆ ಭಯವಿಲ್ಲವೆಂದು ಯಾರಾದರೂ ನಂಬಿದ್ದರೆ, 2020ನೆಯ ಮಾರ್ಚ್ ತಿಂಗಳು ಆ ನಂಬಿಕೆಯನ್ನು ಸುಳ್ಳಾಗಿಸಿತು.

ವಿಂಡೋಸ್ 10ರ 1903 ಮತ್ತು 1909ನೆಯ ಆವೃತ್ತಿಗಳಲ್ಲಿ ಆಗ ಕಂಡುಬಂದ ಎಸ್.ಎಂ.ಬಿ. ಘೋಸ್ಟ್ ಎಂಬ ದೋಷವು ಎರಡು ಕಡೆಗೂ ಸೇರಿದ್ದಿತು. ಅಡಕಗೊಳಿಸಿದ ಸಂದೇಶವನ್ನು ಬಿಡಿಸಲು ಎಷ್ಟು ಸ್ಥಳ ಬೇಕೆಂಬುದನ್ನು ಯಂತ್ರವು ಆ ಸಂದೇಶವೇ ಹೇಳುವ ಎರಡು ಅಂಕೆಗಳನ್ನು ಕೂಡಿ ತಿಳಿಯುತ್ತಿದ್ದಿತು. ಮೊತ್ತವು 429,49,67,295ನ್ನು ಮೀರಿದರೆ, ಗಾಡಿಯ ಮೀಟರು ತುಂಬಿ ಸೊನ್ನೆಗೆ ಮರಳುವಂತೆ, ಲೆಕ್ಕವು ಮೊದಲಿಗೇ ಬರುತ್ತಿದ್ದಿತು. ಪಾವಿನ ಪಾತ್ರೆಯನ್ನಿಟ್ಟು ಪಲ್ಲದಷ್ಟು ಅಕ್ಕಿಯನ್ನು ಸುರಿದಂತಾಗಿ, ಹೊರಚೆಲ್ಲಿದುದು ನೆರೆಯ ಸ್ಮೃತಿಯನ್ನು ಕೆಡಿಸುವುದು. ವಂಚಕನ ಆಜ್ಞೆಯು ಅದೇ ದಾರಿಯಲ್ಲಿ ಒಳಹೊಗುವುದು. ವಂಚಕನ ಸರ್ವರನ್ನು ಸಂಪರ್ಕಿಸಿದ ಕ್ಲೈಂಟಿಗೂ ಇದೇ ಗತಿ.

ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 12ರಂದು ತಿದ್ದುಪಡಿಯನ್ನು ಹೊರಡಿಸಿತು. 13 ದಿನಗಳಲ್ಲಿಯೇ ದೇಶವೆಲ್ಲ ಬಾಗಿಲು ಮುಚ್ಚಿ, ಜೆ.ಪಿ. ನಗರ, ಬನಶಂಕರಿಗಳ ಮನೆಗಳೇ ಕಚೇರಿಗಳಾದವು. ಮನೆಗೆ ಬಂದ ಯಂತ್ರಕ್ಕೆ ತಿದ್ದುಪಡಿ ಹಾಕುವ ಹೊಣೆ ಯಾರದು? ಇದಕ್ಕೆ ಉತ್ತರವಿಲ್ಲದಿದ್ದರೆ ಏನಾಗುವುದೆಂಬುದನ್ನು 2017 ತೋರಿಸಿದ್ದಿತು. ಎಸ್.ಎಂ.ಬಿ.ಯ ಇನ್ನೊಂದು ದೋಷಕ್ಕೆ ಆ ವರ್ಷದ ಮಾರ್ಚ್ 14ರಂದೇ ತಿದ್ದುಪಡಿ ಬಂದಿದ್ದರೂ, ಮೇ 12ರಂದು ಎದ್ದ ವಾನ್ನಾಕ್ರೈ ಹಾವಳಿಗೆ ಕೇರಳದ ಪಂಚಾಯತಿ ಕಚೇರಿಗಳೂ ಆಂಧ್ರದ ಪೋಲೀಸರ ಗಣಕಯಂತ್ರಗಳೂ ತುತ್ತಾದವು. ಮನೆಯಲ್ಲಿ ಔಷಧವಿದ್ದೂ ಸೇವಿಸದ ರೋಗಿಯ ಪಾಡು ಇದು.

ಇಂದು ಅಪಾಯವು ಬೇರೊಂದು ರೂಪದಲ್ಲಿ ಎದುರಿಗಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿದಿದೆ. ವಿಸ್ತರಣೆಯನ್ನು ಪಡೆಯದ ಯಂತ್ರದಲ್ಲಿ ಇನ್ನು ದೋಷ ಕಂಡರೂ ಔಷಧ ಬಾರದು. ಹಣವಿಲ್ಲವೆಂಬ ಸಮಾಧಾನವನ್ನು ನಾವು ಒಪ್ಪಲಾರೆವು; ಕಳೆದುಹೋದ ಖಾತೆ, ಪಹಣಿಗಳ ಬೆಲೆ ಯಂತ್ರದ ಬೆಲೆಗಿಂತ ಹೆಚ್ಚು.

ಮೂರು ಕೆಲಸಗಳು ಒಡನೆ ಆಗಬೇಕು. ಪ್ರತಿ ಕಚೇರಿಯಲ್ಲಿಯೂ ತಿದ್ದುಪಡಿಗೆ ಹೆಸರು ಹೇಳಿ ಒಬ್ಬನನ್ನು ಹೊಣೆ ಮಾಡಬೇಕು. ಎಸ್.ಎಂ.ಬಿ.ಯು ಬಳಸುವ 445ನೆಯ ಪೋರ್ಟನ್ನು ಒಳಬರುವವರಿಗೆ ಮಾತ್ರವಲ್ಲ, ಹೊರಗಿನ ಅಂತರ್ಜಾಲಕ್ಕೆ ಹೋಗುವುದಕ್ಕೂ ಮುಚ್ಚಬೇಕು. ತನ್ನ ದೋಷಗಳಲ್ಲಿ ಶೇಕಡಾ 70ರಷ್ಟು ಸ್ಮೃತಿಗೆ ಸಂಬಂಧಿಸಿದವೆಂದು ಮೈಕ್ರೋಸಾಫ್ಟೇ 2019ರಲ್ಲಿ ಹೇಳಿರುವುದರಿಂದ, ಅಂಥ ತಪ್ಪನ್ನು ತಡೆಯುವ ರಸ್ಟ್‌ನಂತಹ ಭಾಷೆಗಳಲ್ಲಿ ಬರೆದ ಕ್ರಮವಿಧಿಗಳನ್ನು ಸರಕಾರವು ಕೊಳ್ಳುವಾಗ ಕೇಳಬೇಕು. ಪಾತ್ರೆಯ ಅಳತೆಯನ್ನು ಸುರಿಯುವವನ ಮಾತಿಗೇ ಬಿಟ್ಟ ಮನೆಯಲ್ಲಿ ಅಕ್ಕಿ ಉಳಿಯದು.