ಆರು ರುಚಿ, ಅರವತ್ತನಾಲ್ಕು ಉಪಗಣ

ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳು ಉಪಗಣಗಳ ಸೂತ್ರವನ್ನು ಒಂದು ಕಡೆ, ವಿಕಲ್ಪಗಳ ಸೂತ್ರವನ್ನು ಇನ್ನೊಂದು ಕಡೆ ಉರು ಹೊಡೆಯುತ್ತಾರೆ. ಪ್ರಶ್ನೆ ಸ್ವಲ್ಪ ತಿರುಗಿದರೆ ಎರಡೂ ಕೈಕೊಡುತ್ತವೆ. ವಾಸ್ತವವಾಗಿ ಇವು ಒಂದೇ ಊರಿಗೆ ಹೋಗುವ ಎರಡು ದಾರಿಗಳು.

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು - ಈ ಆರು ರುಚಿಗಳ ಒಂದು ಗಣವಿರಲಿ. ಇದರಿಂದ ಎರಡನ್ನು ಆರಿಸಬೇಕು. ಮೊದಲನೆಯದಕ್ಕೆ 6 ಅವಕಾಶ, ಎರಡನೆಯದಕ್ಕೆ 5, ಒಟ್ಟು 30. ಆದರೆ ಸಿಹಿ-ಹುಳಿ ಎಂದರೂ ಹುಳಿ-ಸಿಹಿ ಎಂದರೂ ಬೆರಕೆ ಒಂದೇ ಅಲ್ಲವೇ? ಪ್ರತಿ ಜೋಡಿಯೂ ಎರಡು ಸಲ ಲೆಕ್ಕಕ್ಕೆ ಬಂದಿದೆ. ಆದ್ದರಿಂದ 30 ÷ 2 = 15. ಮೂರನ್ನು ಆರಿಸಲು 6 × 5 × 4 = 120; ಒಂದೇ ಮೂರು ರುಚಿಗಳನ್ನು 6 ಕ್ರಮಗಳಲ್ಲಿ ಹೇಳಬಹುದಾದ್ದರಿಂದ 120 ÷ 6 = 20. ನಾಲ್ಕನ್ನು ಆರಿಸುವುದೆಂದರೆ ಎರಡನ್ನು ಬಿಡುವುದು, ಮತ್ತೆ 15. ಹಾಗೆಯೇ ಐದಕ್ಕೆ 6, ಆರಕ್ಕೆ 1. ಬಿಡಿ ರುಚಿಗಳು 6. ಎಲ್ಲ ಕೂಡಿದರೆ 63.

ಚರಕ, ಸುಶ್ರುತ ಸಂಹಿತೆಗಳು ಹೇಳುವ ರಸಭೇದಗಳೂ 63. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಇಂಥ ಎಣಿಕೆಗೆ ಸಾಮಾನ್ಯ ನಿಯಮ ಕೊಟ್ಟು, ಉದಾಹರಣೆಗೆ ಇದೇ ಆರು ರುಚಿಗಳನ್ನು ತೆಗೆದುಕೊಂಡಿದ್ದಾರೆ.

ಈಗ ಎರಡನೆಯ ದಾರಿ. ಒಂದೊಂದು ರುಚಿಯ ಮುಂದೆಯೂ 'ಬೇಕೋ, ಬೇಡವೋ' ಎಂದು ಕೇಳಿ. ಪ್ರತಿಯೊಂದಕ್ಕೂ 2 ಉತ್ತರ; 2 × 2 × 2 × 2 × 2 × 2 = 64.

ಒಂದು ಹೆಚ್ಚಾದದ್ದು ಹೇಗೆ? ಆರಕ್ಕೂ 'ಬೇಡ' ಎಂದಾಗ ಸಿಗುವುದೇ ಶೂನ್ಯ ಗಣ. ರುಚಿಯೇ ಇಲ್ಲದ ಬೆರಕೆ ವೈದ್ಯನಿಗೆ ಬೇಡ. ಆದರೆ ಗಣಿತದಲ್ಲಿ ಅದೂ ಒಂದು ಉಪಗಣ. ಅದನ್ನು ಸೇರಿಸಿದರೆ 1 + 6 + 15 + 20 + 15 + 6 + 1 = 64. ಎರಡು ದಾರಿಗಳೂ ಕೂಡಿದವು.

ವಿದ್ಯಾರ್ಥಿಗಳೇ, ಅಂಕ ಹೋಗುವುದು ಇಲ್ಲೇ. 'ಎಲ್ಲ ಉಪಗಣಗಳು' ಎಂದರೆ 64; 'ಶೂನ್ಯ ಗಣ ಬಿಟ್ಟು' ಎಂದರೆ 63; 'ಮೂರು ಗಣಾಂಶಗಳುಳ್ಳವು' ಎಂದರೆ 20. ಗಣ ಒಂದೇ, ಕೇಳಿದ್ದು ಬೇರೆ. ಸೂತ್ರಕ್ಕೆ ಕೈಹಾಕುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ.

ಪೋಷಕರೇ, 'ಸೂತ್ರ ಹೇಳು' ಎಂದು ಮಕ್ಕಳನ್ನು ಕೇಳಬೇಡಿ. '2ರಿಂದ ಏಕೆ ಭಾಗಿಸಿದೆ?' ಎಂದು ಕೇಳಿ. ಉತ್ತರ ಬಂದರೆ ಪಾಠ ತಲೆಗೆ ಹತ್ತಿದೆ ಎಂದರ್ಥ.

ಈ ವಾರದ ಲೆಕ್ಕ: ಐದು ಗಣಾಂಶಗಳುಳ್ಳ ಗಣದಲ್ಲಿ, ಕನಿಷ್ಠ ಎರಡು ಗಣಾಂಶಗಳಿರುವ ಉಪಗಣಗಳೆಷ್ಟು? ಎರಡು ದಾರಿಗಳಲ್ಲೂ ಮಾಡಿ ನೋಡಿ. ಎರಡರಲ್ಲೂ 26 ಬರಬೇಕು.