ಮೊದಲು ಲೆಕ್ಕ, ಆಮೇಲೆ ಪ್ಯಾನೆಲ್

ಕಳೆದ ಮೇ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮತ್ತಿಕೆರೆಯ ನಮ್ಮ ಮನೆಯೆದುರು ಬಿಳಿಯ ವ್ಯಾನೊಂದನ್ನು ತಂದು ನಿಲ್ಲಿಸಿದ. ಒಳಗೆ ಎರಡು ಮಂಚ, ಪುಟ್ಟ ಅಡಿಗೆಕಟ್ಟೆ, ಫ್ರಿಜ್ಜು, ಏ.ಸಿ.; ಮೇಲೆ 330 ವಾಟ್‌ನ ಎರಡು ಸೋಲಾರ್ ಪ್ಯಾನೆಲ್. "ಇನ್ನು ಕರೆಂಟಿನ ಹಂಗಿಲ್ಲ ಸಾರ್, ಅಮ್ಮನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತೇನೆ" ಎಂದ. ನನಗೂ ಸಂತೋಷವಾಯಿತು.

ವಾರದ ನಂತರ ಬಂದವನ ಮುಖ ಬಾಡಿತ್ತು. ಕರಾವಳಿಯ ಸೆಕೆಗೆ ರಾತ್ರಿ ಏ.ಸಿ. ಹಾಕಿ ಮಲಗಿದ್ದಾರೆ. ನಡುರಾತ್ರಿ ದಾಟುವಷ್ಟರಲ್ಲಿ ಬ್ಯಾಟರಿ ಬರಿದಾಗಿ ಇನ್ವರ್ಟರ್ ನಿಂತಿದೆ. ಜೊತೆಗೆ ಫ್ರಿಜ್ಜೂ ನಿಂತಿದೆ. ಅದರೊಳಗೆ ತಾಯಿಯ ಹದಿನೈದು ದಿನಗಳ ಇನ್ಸುಲಿನ್ ಇತ್ತು. ನೆರಳಿಗೆಂದು ಮರದಡಿ ನಿಲ್ಲಿಸಿದ್ದರಿಂದ ಬೆಳಗಾದರೂ ಪ್ಯಾನೆಲ್‌ಗೆ ಬಿಸಿಲು ಬಿದ್ದಿಲ್ಲ. ಔಷಧವನ್ನು ಚೆಲ್ಲಿ, ಅಂಗಡಿ ಹುಡುಕಿಕೊಂಡು ಅಲೆದನಂತೆ.

"ಮಾರಿದವನು ನೀನು ಏನೇನು ಬಳಸುತ್ತೀಯೆಂದು ಕೇಳಿದನೇ?" ಎಂದೆ. ಕೇಳಿರಲಿಲ್ಲ. "ನೀನಾದರೂ ಲೆಕ್ಕ ಹಾಕಿದೆಯಾ?" ಹಾಕಿರಲಿಲ್ಲ. ಲೆಕ್ಕ ಕೇಳದೆ ಮಾರುವುದು ವ್ಯಾಪಾರಿಯ ತಪ್ಪು. ಲೆಕ್ಕ ಹಾಕದೆ ಕೊಳ್ಳುವುದು ನನ್ನ ವಿದ್ಯಾರ್ಥಿಯ ತಪ್ಪು. ಎರಡನೆಯದೇ ನನ್ನನ್ನು ಹೆಚ್ಚು ನೋಯಿಸಿತು.

ಆ ಲೆಕ್ಕ ಎಂಟನೆಯ ತರಗತಿಯ ಹುಡುಗನಿಗೂ ಬರುವಂಥದ್ದು. ವಾಟ್ ಅನ್ನು ಗಂಟೆಯಿಂದ ಗುಣಿಸಬೇಕು, ಅಷ್ಟೇ. 5 ವಾಟ್‌ನ ನಾಲ್ಕು ದೀಪ 5 ಗಂಟೆ ಉರಿದರೆ 100 ವಾಟ್‌ಗಂಟೆ. 25 ವಾಟ್‌ನ ಡಿ.ಸಿ. ಫ್ಯಾನು 8 ಗಂಟೆಗೆ 200. ಮೊಬೈಲುಗಳಿಗೆ 60. 12 ವೋಲ್ಟ್‌ನ ಸಣ್ಣ ಫ್ರಿಜ್ಜಿಗೆ ದಿನಕ್ಕೆ ಸುಮಾರು 500. ಒಟ್ಟು 860, ಅಂದರೆ ಒಂದು ಯೂನಿಟ್ ಕೂಡ ಇಲ್ಲ. ನಮ್ಮ ನಾಡಿನಲ್ಲಿ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದಿಟ್ಟುಕೊಂಡು, ಕಾವು, ಧೂಳು, ತಂತಿಗಳಲ್ಲಿ ಶೇಕಡ 30 ಸೋರುತ್ತದೆಂದು ಕಳೆದರೆ, 250 ವಾಟ್‌ನ ಪ್ಯಾನೆಲ್ ಸಾಕು. ಮೋಡಕ್ಕೆಂದು 330 ವಾಟ್ ಹಾಕಿಸಿ. 100 ಆಂಪಿಯರ್‌ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಬಳಸಲು ಸುಮಾರು 1000 ವಾಟ್‌ಗಂಟೆ ದೊರೆಯುತ್ತದೆ. ಬಿಸಿಲಿಲ್ಲದ ಒಂದು ದಿನವನ್ನು ದೂಡಬಹುದು. ಸೀಸದ ಬ್ಯಾಟರಿಯಾದರೆ ಅರ್ಧವನ್ನಷ್ಟೇ ಬಳಸಬೇಕು, ಭಾರವೂ ಹಲವು ಪಟ್ಟು.

ಏ.ಸಿ.ಯೋ? ಒಂದು ರಾತ್ರಿಗೆ ಐದಾರು ಯೂನಿಟ್. ಅದಕ್ಕೆಂದೇ ಇನ್ನೂ ಐದು ಪ್ಯಾನೆಲ್ ಬೇಕು. ಒಂದೊಂದಕ್ಕೆ ಸುಮಾರು ಎರಡು ಚದರ ಮೀಟರ್ ಜಾಗ. "ದುಡ್ಡಿದ್ದವನು ದೊಡ್ಡದನ್ನೇ ಹಾಕಿಸಿಕೊಂಡರೆ ನಿಮಗೇನು ಕಷ್ಟ?" ಎಂದು ಬಂಧುವೊಬ್ಬರು ನನ್ನನ್ನೇ ಕೇಳಿದರು. ಕಷ್ಟ ನನಗಲ್ಲ ಸ್ವಾಮಿ, ವ್ಯಾನಿನ ಛಾವಣಿಗೆ! ದುಡ್ಡಿದ್ದರೂ ಅದು ಬೆಳೆಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1995ರಲ್ಲಿ ಹರೀಶ್ ಹಂದೆಯವರು ಸಹಸಂಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಸೌರದೀಪ ಕೊಟ್ಟದ್ದು ನಿಮಗೆ ಗೊತ್ತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕೆಲಸದ ತಿರುಳೇ ಬಡವನ ಅಗತ್ಯವನ್ನು ಮೊದಲು ಅರಿತು, ಅದಕ್ಕೆ ತಕ್ಕ ವ್ಯವಸ್ಥೆಯನ್ನು ರೂಪಿಸುವುದು. ಗುಡಿಸಲಿನವನಿಗೆ ಸಲ್ಲುವ ಈ ಮರ್ಯಾದೆ ವ್ಯಾನು ಕೊಂಡವನಿಗೆ ಏಕಿಲ್ಲ? ಅವನ ಬಳಿ ಹಣವಿದೆಯೆಂದು ಯಾರೂ ಅವನಿಗೆ ಪ್ರಶ್ನೆ ಕೇಳುವುದಿಲ್ಲ. ಹಣವಿದೆಯೆಂದು ಅವನೂ ಯೋಚಿಸುವುದಿಲ್ಲ.

ನನ್ನ ತಕರಾರು ಸೌರಶಕ್ತಿಯ ಮೇಲಲ್ಲ, ಅದು ಅಕ್ಷಯಪಾತ್ರೆಯೆಂಬ ಭ್ರಮೆಯ ಮೇಲೆ. ಸೂರ್ಯ ಬಿಲ್ಲು ಕಳಿಸುವುದಿಲ್ಲ ನಿಜ. ಆದರೆ ಬ್ಯಾಟರಿ ತನ್ನ ಲೆಕ್ಕವನ್ನು ನಡುರಾತ್ರಿಯಲ್ಲಾದರೂ ಒಪ್ಪಿಸಿಯೇ ತೀರುತ್ತದೆ.

ಕೊನೆಗೆ ಆ ಹುಡುಗ (ಐವತ್ತು ದಾಟಿದ್ದರೂ ನನಗೆ ಹುಡುಗನೇ) ನಮ್ಮ ಜಗಲಿಯಲ್ಲಿ ಕುಳಿತು ಪಟ್ಟಿ ಬರೆದ. ಏ.ಸಿ. ತೆಗೆಸಿದ, ಎರಡು ಡಿ.ಸಿ. ಫ್ಯಾನು ಹಾಕಿಸಿದ. ಫ್ರಿಜ್ಜನ್ನು ಇನ್ವರ್ಟರಿನಿಂದ ಬಿಡಿಸಿ, ಫ್ಯೂಸ್ ಹಾಕಿ, ನೇರವಾಗಿ 12 ವೋಲ್ಟ್‌ಗೆ ಜೋಡಿಸಿದ. ಪಟ್ಟಿಯ ಮೊದಲ ಸಾಲಿನಲ್ಲಿ ಬರೆದದ್ದು: "ಅಮ್ಮನ ಔಷಧ."

ನೀವೂ ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕೂರಿ. ಉತ್ತರ ತಪ್ಪಾದರೆ ನನಗೆ ತೋರಿಸಿ. ಈಗ ಅಂಕ ಕಳೆಯುವುದಿಲ್ಲ.