ಹುಡುಕಿದ್ದಕ್ಕೂ ಕೂಲಿ ಕೊಡಿ

ಬೈಕಿನ ಎಂಜಿನ್ ಕೆಟ್ಟರೆ ಶಬ್ದ ಬರುತ್ತೆ, ಹೊಗೆ ಬರುತ್ತೆ, ಎಣ್ಣೆ ಸೋರುತ್ತೆ. ಕರೆಂಟಿನ ತೊಂದರೆ ಹಾಗಲ್ಲ, ಕಣ್ಣಿಗೆ ಏನೂ ಕಾಣಲ್ಲ. ಅದಕ್ಕೇ ಹೆಡ್‌ಲೈಟ್ ಮಂಕಾಗಿದೆ ಅಂದ ಕೂಡಲೇ ಎಷ್ಟೋ ಗ್ಯಾರೇಜುಗಳಲ್ಲಿ ಸಿಗೋ ಮೊದಲ ಉತ್ತರ "ಬ್ಯಾಟರಿ ಚೇಂಜ್ ಮಾಡ್ಬೇಕು ಸಾರ್". ಅದಕ್ಕೂ ಸರಿಹೋಗದಿದ್ರೆ ರೆಕ್ಟಿಫೈಯರ್. ಅದಕ್ಕೂ ಬಗ್ಗದಿದ್ರೆ ಇಡೀ ವೈರಿಂಗ್ ಕಿಟ್ಟು!

ನನ್ನ ಗೆಳೆಯನೊಬ್ಬನ ಬೈಕಿನದು ಇದಕ್ಕಿಂತ ವಿಚಿತ್ರ ಕಾಯಿಲೆ. ಬ್ರೇಕ್ ಒತ್ತಿದ್ರೆ ಬ್ರೇಕ್ ಲೈಟ್ ಸರಿಯಾಗಿ ಹತ್ತಲ್ಲ, ಆದ್ರೆ ಇಂಡಿಕೇಟರುಗಳು ಮಿಣಿಮಿಣಿ ಅಂತ ಹತ್ತಿಕೊಳ್ತಿದ್ವು. ಎರಡು ಗ್ಯಾರೇಜು ಸುತ್ತಿ ಹೊಸ ಬ್ಯಾಟರಿ, ಹೊಸ ಬ್ರೇಕ್ ಸ್ವಿಚ್ಚು ಎರಡಕ್ಕೂ ದುಡ್ಡು ಕೊಟ್ಟಿದ್ದ. ಕೊನೆಗೆ ಸಿಕ್ಕಿದ್ದೇನು ಗೊತ್ತಾ? ಸೀಟಿನ ಹಿಂದೆ, ಟೈಲ್ ಲ್ಯಾಂಪಿನ ಅರ್ಥ್ ವೈರನ್ನು ಫ್ರೇಮಿಗೆ ಕಚ್ಚಿಸಿರೋ ಬೋಲ್ಟಿಗೆ ತುಕ್ಕು. ಉಜ್ಜಲಿಕ್ಕೆ ಒಂದು ತುಂಡು ಮರಳು ಕಾಗದ ಸಾಕಾಯ್ತು.

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಬ್ಯಾಟರಿಗೇ ವಾಪಸ್ ಬರಬೇಕು. ಬರೋ ದಾರಿ ಬೈಕಿನ ಫ್ರೇಮು. ಆ ದಾರಿ ಮುಚ್ಚಿಹೋದ್ರೆ ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಆ ವೈರು ಹಿಡಿದು ಮುಂದಿನ ಇಂಡಿಕೇಟರಿನ ಅರ್ಥ್ ಸೇರಿ, ಹೇಗೋ ಮನೆ ಮುಟ್ಟುತ್ತೆ. ಸಂಬಂಧವಿಲ್ಲದ ಎರಡು ಲೈಟು ಒಟ್ಟಿಗೆ ಮಂಕಾಗಿ ಹತ್ತಿದ್ರೆ ಮೊದಲ ಅನುಮಾನ ಯಾವಾಗಲೂ ಅರ್ಥ್ ಮೇಲೆ.

ಹುಡುಕೋದು ಕಷ್ಟವೂ ಅಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಎಂಜಿನ್ ಆಫ್ ಇದ್ದಾಗ ಚೆನ್ನಾಗಿರೋ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸುತ್ತೆ. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಮಾಡಿದ್ರೆ ಸಾಮಾನ್ಯವಾಗಿ 13.5 ರಿಂದ 14.5 ರ ಒಳಗೆ ಇರಬೇಕು. ಇದೆ ಅಂದ್ರೆ ರೆಕ್ಟಿಫೈಯರ್ ಪಾಪ ನಿರಪರಾಧಿ, ಅದನ್ನ ಬಿಟ್ಟುಬಿಡಿ. ಆಮೇಲೆ ಲೈಟ್ ಹಾಕಿ ಬಲ್ಬಿನ ಹೋಲ್ಡರಿನಲ್ಲೇ ಅಳೆಯಿರಿ. ಬ್ಯಾಟರಿಯಲ್ಲಿ 13 ಇದ್ದು ಬಲ್ಬಿನಲ್ಲಿ 11.5 ಬಂದ್ರೆ ಒಂದೂವರೆ ವೋಲ್ಟು ದಾರಿಯಲ್ಲಿ ಯಾರೋ ತಿಂದಿದ್ದಾರೆ: ಸ್ವಿಚ್ಚೋ, ಕನೆಕ್ಟರೋ, ಅರ್ಥೋ. ಒಂದೊಂದು ತುಂಡಾಗಿ ಅಳೆದುಕೊಂಡು ಹೋದ್ರೆ ಕಳ್ಳ ಸಿಕ್ಕೇ ಸಿಗ್ತಾನೆ. ಇದು ಸಣ್ಣ ಲೆಕ್ಕ ಅಲ್ಲ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಶೇ. 10 ಇಳಿದ್ರೆ ಬೆಳಕು ಸುಮಾರು ಶೇ. 30 ಇಳಿಯುತ್ತೆ.

ಕೆಲವು ಸಲ ತೊಂದರೆಯೇ ಇರಲ್ಲ! ಹಳೇ ಸ್ಪ್ಲೆಂಡರ್‌ನಲ್ಲಿ ಹೆಡ್‌ಲೈಟಿಗೆ ಕರೆಂಟು ಬರೋದು ಬ್ಯಾಟರಿಯಿಂದ ಅಲ್ಲ, ನೇರವಾಗಿ ಮ್ಯಾಗ್ನೆಟೋ ಕಾಯಿಲಿಂದ. ಸಿಗ್ನಲ್ಲಿನಲ್ಲಿ ನಿಂತಾಗ ಮಂಕಾಗೋದು, ಆಕ್ಸಿಲರೇಟರ್ ಕೊಟ್ಟಾಗ ಬೆಳಗೋದು ಅದರ ಹುಟ್ಟುಗುಣ. ಅದಕ್ಕೆ ಬ್ಯಾಟರಿ ಬದಲಾಯಿಸಿದ್ರೆ ಬ್ಯಾಟರಿ ಅಂಗಡಿಯವನ ಮನೆ ಬೆಳಗುತ್ತೆ ಅಷ್ಟೇ.

ಬೆಳಕು ಸಾಲಲ್ಲ ಅಂತ 100 ವ್ಯಾಟ್ ಬಲ್ಬು ಹಾಕಿಸೋದು ಇನ್ನೊಂದು ಖಯಾಲಿ. 35 ವ್ಯಾಟಿನ ಬಲ್ಬು ಎಳೆಯೋದು ಸುಮಾರು 3 ಆಂಪಿಯರ್, 100 ವ್ಯಾಟಿನದು 8ಕ್ಕಿಂತ ಹೆಚ್ಚು. ವೈರು ಮಾತ್ರ ಅದೇ ಸಣಕಲು ವೈರು. ಮೊದಲು ಹೋಲ್ಡರ್ ಕರಗುತ್ತೆ, ಆಮೇಲೆ ಸ್ವಿಚ್ಚು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ಲೈಟು ಹತ್ತಿರಲೇಬೇಕು ಅಂತ ಕಾನೂನು ಬಂತು. ಅಂದ್ರೆ ಆ ಬಿಸಿ ಈಗ ಹಗಲೂ ಇದೆ. ಇನ್ನು ಫ್ಯೂಸ್ ಸುಟ್ಟರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತೋ ಮಹಾಶಯರ ಬಗ್ಗೆ ಏನು ಹೇಳೋದು? ಫ್ಯೂಸ್ ಸುಡೋದು ಕಾಯಿಲೆಯ ಲಕ್ಷಣ. ಅದರ ಬಾಯಿ ಮುಚ್ಚಿಸಿದ್ರೆ ಮುಂದಿನ ಸಲ ಸುಡೋದು ವೈರಿಂಗು.

ಇಷ್ಟು ಸುಲಭ ಇದ್ರೂ ಗ್ಯಾರೇಜಿನವರು ಯಾಕೆ ಹುಡುಕಲ್ಲ? ಮೋಸ ಅಂತ ಎಲ್ಲರೂ ಬೈತಾರೆ. ನನಗೆ ಹಾಗನ್ನಿಸಲ್ಲ. ಮೆಕ್ಯಾನಿಕ್ ಮುಕ್ಕಾಲು ಗಂಟೆ ಕೂತು ವೈರು ವೈರು ಹುಡುಕಿ, ಒಂದು ಕನೆಕ್ಟರ್ ಉಜ್ಜಿ, "ಮುನ್ನೂರು ಕೊಡಿ" ಅಂದ್ರೆ ಗಿರಾಕಿ ಏನಂತಾನೆ? "ಏನಪ್ಪಾ, ಒಂದು ವೈರು ಉಜ್ಜಿದ್ದಕ್ಕೆ ಮುನ್ನೂರಾ?" ಅದೇ ಗಿರಾಕಿ ಎರಡು ಸಾವಿರದ ಪಾರ್ಟ್ ಹಾಕಿಸಿಕೊಂಡು, ಹಳೇದನ್ನ ಕವರಿನಲ್ಲಿ ಹಾಕಿಸಿಕೊಂಡು, ಖುಷಿಯಾಗಿ ಮನೆಗೆ ಹೋಗ್ತಾನೆ. ನಾವು ದುಡ್ಡು ಕೊಡೋದು ಪಾರ್ಟಿಗೆ, ಆದ್ದರಿಂದ ನಮಗೆ ಸಿಗೋದೂ ಪಾರ್ಟೇ.

ನಮ್ಮ ಸಾಫ್ಟ್‌ವೇರ್ ಕೆಲಸ ನೋಡಿ. ಎರಡು ದಿನ ತಲೆ ಕೆರೆದುಕೊಂಡು ಬಗ್ ಹುಡುಕಿ, ಕೊನೆಗೆ ಬದಲಾಯಿಸೋದು ಒಂದು ಸಾಲು. "ಒಂದು ಸಾಲಿಗೆ ಎರಡು ದಿನದ ಸಂಬಳವಾ?" ಅಂತ ಯಾವ ಮ್ಯಾನೇಜರೂ ಕೇಳಲ್ಲ. ಹುಡುಕೋದೇ ಕೆಲಸ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಎಣ್ಣೆ ಕೈಯಿನ ಮನುಷ್ಯ ಅದೇ ಕೆಲಸ ಮಾಡಿದ್ರೆ ಮಾತ್ರ ಅದು ಕೆಲಸ ಅಲ್ವಾ?

ಹಾಗಾಗಿ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಹೀಗೆ ಹೇಳಿ ನೋಡಿ: "ಮೊದಲು ಮೀಟರ್ ಇಟ್ಟು ಹುಡುಕಿ. ಪಾರ್ಟ್ ಏನೂ ಬೇಡ ಅಂತಾದ್ರೂ ನಿಮ್ಮ ಟೈಮಿಗೆ ದುಡ್ಡು ಕೊಡ್ತೀನಿ." ಮೀಟರೇ ಇಲ್ಲದ ಗ್ಯಾರೇಜಾದ್ರೆ ಬೇರೆ ಗ್ಯಾರೇಜು ನೋಡಿ. ರಾತ್ರಿ ಹೆದ್ದಾರಿಯಲ್ಲಿ ಹಿಂದಿನಿಂದ ಬರೋ ಲಾರಿಯವನಿಗೆ ನಿಮ್ಮ ಬ್ಯಾಟರಿ ಎಷ್ಟು ಹೊಸದು ಅಂತ ಕಾಣಲ್ಲ. ಅವನಿಗೆ ಕಾಣಬೇಕಾದ್ದು ಬ್ರೇಕ್ ಲೈಟು. ಅದು ಹತ್ತೋದಕ್ಕೆ ಆ ಮುನ್ನೂರು ರೂಪಾಯಿ ಹೆಚ್ಚೇ?

ಏನಂತೀರಿ?